ಕಪಾತಿನ ಸೌದೆಯಿಂದ ಕರೆಂಟ್ ತೆಗೆಯಬಹುದಾ? ಮಾದಾಪುರ ಕಡೆಯ ಬೆಳೆಗಾರರಿಗೆ ಉತ್ತರ

ಪ್ರಶ್ನೆ: ನಮ್ಮದು ಕೊಡಗಿನ ಸೋಮವಾರಪೇಟೆ ತಾಲೂಕು, ಮಾದಾಪುರದ ಹತ್ತಿರ 14 ಎಕರೆ ತೋಟ. ಅರೇಬಿಕಾ ಜಾಸ್ತಿ, ಸ್ವಲ್ಪ ರೊಬಸ್ಟಾ, ಮರಗಳಿಗೆ ಹಬ್ಬಿಸಿದ ಮೆಣಸು. ನಾಲ್ಕು ಹಸು ಇವೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಮೂರ್ನಾಲ್ಕು ದಿನ ಕರೆಂಟ್ ಇರುವುದಿಲ್ಲ. 10 ಕೆವಿಎ ಡೀಸೆಲ್ ಜನರೇಟರ್ ಇದೆ, ಆದರೆ ಡೀಸೆಲ್ ಖರ್ಚು ಕೈ ಸುಡುತ್ತಿದೆ. ಇತ್ತ ಮರ ಕಪಾತು ಮಾಡಿದ (ಕೊಂಬೆ ಸವರಿದ) ಸೌದೆ ಪ್ರತಿ ವರ್ಷ ಎಂಟು ಹತ್ತು ಟ್ರ್ಯಾಕ್ಟರ್ ಲೋಡ್ ಬರುತ್ತದೆ, ಅರ್ಧ ಅಲ್ಲೇ ಕೊಳೆಯುತ್ತದೆ. ಸೌದೆಯಿಂದ ಗ್ಯಾಸ್ ಮಾಡಿ ಎಂಜಿನ್ ಓಡಿಸುವ 10 ಕಿಲೋವ್ಯಾಟ್ ಯಂತ್ರ ಹಾಕಿಸಬೇಕು ಅಂತ ಆಸೆ. ಅದರ ಬಿಸಿಯಲ್ಲೇ ನವೆಂಬರ್ ಮಳೆಗೆ ಸಿಕ್ಕಿದ ಕಾಫಿಯನ್ನೂ ಒಣಗಿಸಬಹುದಾ? ಹಾಕಿಸಲಾ, ಬೇಡವಾ?

ಉತ್ತರ: ಈ ವರ್ಷ ಹಾಕಿಸಬೇಡಿ.

ಯಂತ್ರ ಕೆಟ್ಟದ್ದು ಅಂತ ಹೀಗೆ ಹೇಳುತ್ತಿಲ್ಲ. ಇಂಥ ಯಂತ್ರಗಳ ಜೊತೆ ನಾನು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕೆಲಸ ಮಾಡಿದ್ದೇನೆ. ಸೌದೆಯ ಗ್ಯಾಸಿನಲ್ಲಿ ಎಂಜಿನ್ ಹಿಡಿದುಕೊಳ್ಳುವ ಸದ್ದು ಕೇಳಿದರೆ ಇವತ್ತಿಗೂ ಮೈ ಜುಂ ಅನ್ನುತ್ತದೆ. ಆದರೆ ನೀವು ಬರೆದದ್ದನ್ನು ಎರಡು ಸಲ ಓದಿ ಲೆಕ್ಕ ಹಾಕಿದೆ. ನಿಮ್ಮ ತೋಟಕ್ಕೆ ಮೊದಲು ಬೇಕಿರುವುದು ಒಂದು ಒಳ್ಳೆಯ ಸೌದೆ ಶೆಡ್. ಆಮೇಲೆ ಒಂದು ಬಿಸಿಗಾಳಿ ಡ್ರೈಯರ್. ಮಳೆಗಾಲದ ಕರೆಂಟಿಗೆ ಬೇರೆ ದಾರಿ ಇದೆ, ಅದನ್ನೂ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಆದರೆ ಲಕ್ಷಗಟ್ಟಲೆ ದುಡ್ಡಿನ ವಿಷಯ ಅಲ್ವಾ, ನಿಧಾನವಾಗಿ ಓದಿ.

ಮೊದಲು ಯಂತ್ರ ಏನು ಮಾಡುತ್ತದೆ ಅನ್ನುವುದು. ಒಲೆಯಲ್ಲಿ ಸೌದೆ ಉರಿಯುವುದನ್ನು ಗಮನಿಸಿ. ಜ್ವಾಲೆ ಸೌದೆಗೆ ಅಂಟಿಕೊಂಡಿರುವುದಿಲ್ಲ, ಒಂದು ಬೆರಳು ಮೇಲೆ ನಿಂತಿರುತ್ತದೆ. ಯಾಕಂದರೆ ಉರಿಯುವುದು ಸೌದೆಯಿಂದ ಹೊರಟ ಆವಿ. ಗ್ಯಾಸಿಫೈಯರ್ ಅನ್ನುವುದು ಇದೇ ಕೆಲಸವನ್ನು ಎರಡು ತುಂಡು ಮಾಡುತ್ತದೆ. ಉಕ್ಕಿನ ಡ್ರಮ್ಮಿನಲ್ಲಿ ಮೇಲಿನಿಂದ ಸೌದೆ ತುಂಡು ತುಂಬುತ್ತೀರಿ. ಪೂರ್ತಿ ಉರಿಯಲು ಬೇಕಾದಷ್ಟು ಗಾಳಿ ಕೊಡುವುದಿಲ್ಲ, ಅದರ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಕೊಡುತ್ತೀರಿ. ನಡುವಿನಲ್ಲಿ 1000 ಡಿಗ್ರಿ ಮೀರಿ ಕಾದ ಬೆಂಕಿ, ಅದರ ಕೆಳಗೆ ಕೆಂಡದ ಹಾಸು. ಬೆಂಕಿಯಲ್ಲಿ ಹುಟ್ಟಿದ ಇಂಗಾಲದ ಡೈಆಕ್ಸೈಡು, ನೀರಾವಿ ಎರಡೂ ಆ ಕೆಂಡದ ಮೂಲಕ ಇಳಿಯುವಾಗ ಕಾರ್ಬನ್ ಮೊನಾಕ್ಸೈಡು, ಹೈಡ್ರೋಜನ್ ಆಗಿ ಬದಲಾಗುತ್ತವೆ. ಇವೇ ಎಂಜಿನ್ನಿಗೆ ಮೇವು. ಒಂದು ಕಿಲೋ ಒಣ ಸೌದೆಯಿಂದ ಸುಮಾರು ಎರಡೂವರೆ ಘನ ಮೀಟರ್ ಗ್ಯಾಸ್ ಬರುತ್ತದೆ. ಆದರೆ ಅದರಲ್ಲಿ ಅರ್ಧದಷ್ಟು ಗಾಳಿಯಿಂದ ಬಂದ ನೈಟ್ರೋಜನ್, ಸುಮ್ನೆ ಜೊತೆಗೆ ಬರುವ ಹೊರೆ. ಹಾಗಾಗಿ ಗ್ಯಾಸ್ ತುಂಬಾ ತೆಳು. ಅದೇ ಎಂಜಿನ್ ಡೀಸೆಲ್‌ನಲ್ಲಿ ಕೊಡುವ ಶಕ್ತಿಯನ್ನು ಇದರಲ್ಲಿ ಕೊಡುವುದಿಲ್ಲ.

ಇದು ಹೊಸ ವಿದ್ಯೆ ಅಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೇ ಹೋದಾಗ ನಮ್ಮ ಕಡೆಯ ಬಸ್‌ಗಳು ಇದ್ದಿಲಿನ ಗ್ಯಾಸಿನಲ್ಲೇ ಓಡಿದವು. ಆಮೇಲೆ 1980ರ ದಶಕದಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎಚ್. ಎಸ್. ಮುಕುಂದ ಮತ್ತು ಅವರ ಸಂಗಡಿಗರು ಈ ಯಂತ್ರವನ್ನು ನಮ್ಮ ಸೌದೆಗೆ, ನಮ್ಮ ಹಳ್ಳಿಗೆ ಒಗ್ಗುವ ಹಾಗೆ ತಿದ್ದಿದರು. ಅದೇ ಸಂಸ್ಥೆಯಲ್ಲಿ ಹಳ್ಳಿಗೆ ಬೇಕಾದ ತಂತ್ರಜ್ಞಾನ ರೂಪಿಸುವ ಅಸ್ತ್ರ ಕೇಂದ್ರದವರು ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ 1988ರಲ್ಲಿ ಒಂದು ಸಣ್ಣ ಯಂತ್ರ ಇಟ್ಟರು. ಕರೆಂಟ್ ಲೈನೇ ಇಲ್ಲದ ಊರು ಅದು. ಸೌದೆಯ ಗ್ಯಾಸ್ ಮತ್ತು ಸ್ವಲ್ಪ ಡೀಸೆಲ್ ಸೇರಿಸಿ ಓಡುವ ಎಂಜಿನ್. ಮನೆಗಳಿಗೆ ದೀಪ ಬಂತು, ಕುಡಿಯುವ ನೀರು ಬಂತು, ಹಿಟ್ಟಿನ ಗಿರಣಿ ತಿರುಗಿತು. ಹತ್ತು ವರ್ಷ ಮೀರಿ ನಡೆಯಿತು. ಅದು ನಡೆದದ್ದು ಯಾಕೆ ಅಂತ ಕೇಳಿಕೊಳ್ಳಬೇಕು. ಸೌದೆಗೆ ಅಂತಲೇ ಬೆಳೆಸಿದ ಮರಗಳಿದ್ದವು. ತರಬೇತಿ ಆದ ಊರಿನವರೇ ದಿನಾ ಯಂತ್ರದ ಹತ್ತಿರ ಇರುತ್ತಿದ್ದರು. ಇನ್ನೊಂದು, ತುಮಕೂರು ಒಣ ಸೀಮೆ. ನಮ್ಮ ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಕೊಡಗಿನ ಲೆಕ್ಕವೆಲ್ಲ ಈ ಮಳೆಯ ಹತ್ತಿರ ಬಂದು ನಿಲ್ಲುತ್ತದೆ.

ಹಸಿ ಸೌದೆಯ ಕಥೆ ಹೇಳುತ್ತೇನೆ. ತುಂಬಾ ವರ್ಷದ ಹಿಂದೆ ವಿರಾಜಪೇಟೆ ಕಡೆಯ ಒಂದು ತೋಟದಲ್ಲಿ ನಾವು ಯಂತ್ರ ಇಟ್ಟಿದ್ದೆವು. ಜುಲೈ ತಿಂಗಳು. ಸೌದೆ ಟಾರ್ಪಾಲಿನ ಕೆಳಗೆ ಇತ್ತು, ಹೊರಗಿನಿಂದ ಮುಟ್ಟಿದರೆ ಒಣಗಿದ ಹಾಗೇ ಇತ್ತು. ಮೊದಲ ವಾರ ಎಂಜಿನ್ ಚೆನ್ನಾಗಿಯೇ ಓಡಿತು. ಒಂಬತ್ತನೇ ದಿನ ಬೆಳಿಗ್ಗೆ ತಿರುಗಲೇ ಇಲ್ಲ. ಹೆಡ್ ಬಿಚ್ಚಿ ನೋಡಿದರೆ ಗ್ಯಾಸ್ ಒಳಗೆ ಬರುವ ಕಡೆಯ ವಾಲ್ವ್ ಅದರ ಜಾಗದಲ್ಲೇ ಅಂಟಿ ಕೂತಿದೆ. ಮೇಲೆ ಕಪ್ಪಗೆ, ಮಂದವಾಗಿ, ಎಳೆದರೆ ದಾರದ ಹಾಗೆ ಬರುವ ಟಾರು. ಹಲಸಿನ ಮೇಣ ಕೈಗೆ ಹತ್ತಿದರೆ ಹೇಗೋ ಹಾಗೇ, ಆದರೆ ಎಣ್ಣೆ ಹಚ್ಚಿದರೂ ಬಿಡದು. ಅದನ್ನು ಕೆರೆದು ತೊಳೆಯಲು ಇಡೀ ದಿನ ಹಿಡಿಯಿತು. ಸಂಜೆ ನಾನು ರಾಶಿಯಿಂದ ಒಂದು ಸೌದೆ ತೆಗೆದು ಸೀಳಿಸಿದೆ. ಸೀಳಿದ ಮುಖವನ್ನು ಕೆನ್ನೆಗೆ ಇಟ್ಟುಕೊಂಡೆ. ತಣ್ಣಗಿತ್ತು. ಒಳಗೆ ಪೂರ್ತಿ ಹಸಿ. ಈ ಕೆನ್ನೆಯ ಪರೀಕ್ಷೆಯನ್ನು ಮೊದಲ ದಿನವೇ ಮಾಡಬೇಕಿತ್ತು. ಆವತ್ತಿನಿಂದ ಯಾವ ತೋಟಕ್ಕೆ ಹೋದರೂ ಯಂತ್ರ ನೋಡುವ ಮೊದಲು ಸೌದೆ ರಾಶಿ ನೋಡುತ್ತೇನೆ.

ಒದ್ದೆ ಸೌದೆಯಲ್ಲಿ ಆಗುವುದೇನು ಅಂದರೆ, ನೀರನ್ನು ಆವಿ ಮಾಡುವುದರಲ್ಲೇ ಬೆಂಕಿಯ ಶಾಖ ಖರ್ಚಾಗುತ್ತದೆ. ನಡುವಿನ ಬೆಂಕಿ ತಣ್ಣಗಾಗುತ್ತದೆ. 1000 ಡಿಗ್ರಿಯಲ್ಲಿ ಒಡೆದು ಹೋಗಬೇಕಾಗಿದ್ದ ಟಾರು ಒಡೆಯದೆ ಗ್ಯಾಸಿನ ಜೊತೆ ಹೊರಗೆ ಬರುತ್ತದೆ, ತಣ್ಣಗಿನ ಕಬ್ಬಿಣ ಸಿಕ್ಕ ಕಡೆ ಅಂಟುತ್ತದೆ. ಹಾಗಾಗಿ ಎಂಜಿನ್ನಿಗೆ ಸೌದೆಯ ತೇವ ಶೇ 15ರ ಒಳಗೆ ಇರಬೇಕು, ಹೆಚ್ಚೆಂದರೆ 20. ಆಗ ತಾನೇ ಕಡಿದ ಮರದಲ್ಲಿ ತೂಕದ ಅರ್ಧದಷ್ಟು ನೀರೇ ಇರುತ್ತದೆ.

ಈಗ ನಿಮ್ಮ ವರ್ಷವನ್ನು ನೋಡಿ. ಮರ ಕಪಾತು ಮಾಡಿಸುವುದು ಏಪ್ರಿಲ್, ಮೇ. ಜೂನ್ ಮೊದಲ ವಾರ ಮಳೆ ಹಿಡಿಯುತ್ತದೆ. ಕರೆಂಟ್ ಹೋಗುವುದು ಜೂನ್‌ನಿಂದ ಸೆಪ್ಟೆಂಬರ್. ಆ ತಿಂಗಳುಗಳಲ್ಲಿ ಗಾಳಿಯ ತೇವ ಶೇ 90ರ ಆಸುಪಾಸು. ಅಂಥ ಗಾಳಿಯಲ್ಲಿ ಎಷ್ಟು ದಿನ ಇಟ್ಟರೂ ಸೌದೆಯ ತೇವ 17ರಿಂದ 20ರ ನಡುವೆ ಬಂದು ನಿಲ್ಲುತ್ತದೆ, ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಬೇಸಿಗೆಯಲ್ಲಿ ಚೆನ್ನಾಗಿ ಒಣಗಿಸಿಟ್ಟದ್ದೂ ತೆರೆದ ಕೊಟ್ಟಿಗೆಯಲ್ಲಿ ಮತ್ತೆ ತೇವ ಎಳೆದುಕೊಂಡು ಅಲ್ಲಿಗೇ ಏರುತ್ತದೆ. ಈ ಮೇ ತಿಂಗಳಲ್ಲಿ ಕಡಿದದ್ದಂತೂ ಜುಲೈನಲ್ಲಿ ಹಸಿಯೇ. ಅಂದರೆ ನಿಮಗೆ ಕರೆಂಟ್ ಬೇಕಾದ ಕಾಲಕ್ಕೆ ಸೌದೆ ಒಂದೋ ಹಸಿ, ಇಲ್ಲವೇ ಎಂಜಿನ್ನಿನ ಮಿತಿಯ ಅಂಚಿನಲ್ಲಿ. ಸೌದೆ ಯೋಗ್ಯವಾಗುವ ಫೆಬ್ರವರಿ, ಮಾರ್ಚ್‌ನಲ್ಲಿ ಲೈನ್ ಕರೆಂಟ್ ಇರುತ್ತದೆ. ಎಂಜಿನ್ನಿನ ಬಿಸಿ ಹೊಗೆಯನ್ನೇ ಸೌದೆ ಒಣಗಿಸಲು ಹಾಯಿಸುವವರಿದ್ದಾರೆ. ಆದರೆ ಅದಕ್ಕೆ ಎಂಜಿನ್ ದಿನಾ ಹತ್ತು ಗಂಟೆ ಓಡುತ್ತಿರಬೇಕು, ನಿಮ್ಮದು ಯಾವಾಗಲೋ ಮೂರು ದಿನ ಓಡುವ ಯಂತ್ರ.

ಎರಡನೇ ತೊಂದರೆ ಲೋಡಿನದ್ದು. ಇದನ್ನು ಯಂತ್ರ ಮಾರುವವರು ಹೇಳುವುದೇ ಇಲ್ಲ. ಮಳೆಯಲ್ಲಿ ಕರೆಂಟ್ ಹೋದಾಗ ನಿಮ್ಮ ಮನೆಗೆ, ಆಳುಗಳ ಲೈನ್ ಮನೆಗಳಿಗೆ ನಿಜವಾಗಿ ಬೇಕಾದದ್ದು ಏನು? ದೀಪ, ಫ್ರಿಜ್, ಮೊಬೈಲ್ ಚಾರ್ಜು, ಟಿವಿ, ಬೆಳಿಗ್ಗೆ ಅರ್ಧ ಗಂಟೆ ಮೋಟಾರು. ಸರಾಸರಿ ಒಂದು ಕಿಲೋವ್ಯಾಟ್ ದಾಟುವುದಿಲ್ಲ. 10 ಕಿಲೋವ್ಯಾಟ್ ಗ್ಯಾಸಿಫೈಯರನ್ನು ಒಂದು ಕಿಲೋವ್ಯಾಟಿಗೆ ಓಡಿಸಿದರೆ ಅದು ಎಳೆಯುವ ಗಾಳಿ ಕಡಿಮೆ, ಬೆಂಕಿ ಮಂದ, ಮತ್ತೆ ಅದೇ ಟಾರು. ಈ ಯಂತ್ರಗಳಿಗೆ ಅರ್ಧಕ್ಕಿಂತ ಮೇಲಿನ ಲೋಡು, ಅದೂ ಏರಿಳಿತ ಇಲ್ಲದೆ ಗಂಟೆಗಟ್ಟಲೆ ಸಿಗಬೇಕು. ನಿಮ್ಮ ತೋಟದಲ್ಲಿ ಅಂಥ ಲೋಡು ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡಿಸುವಾಗ ಮಾತ್ರ, ಅದೂ ಕುಯ್ಲಿನ ಕೆಲವು ವಾರ, ಸಂಜೆ ಎರಡು ಮೂರು ಗಂಟೆ.

ಡೀಸೆಲ್ ಉಳಿತಾಯದ ಮಾತು ಬರೆದಿದ್ದೀರಿ. ಒಂದು ಯೂನಿಟ್ ಕರೆಂಟಿಗೆ ಸುಮಾರು 1.3 ಕಿಲೋ ಒಣ ಸೌದೆ ಬೇಕು. ದಿನಕ್ಕೆ 30 ಯೂನಿಟ್ ಅಂದರೆ 40 ಕಿಲೋ. ಅಷ್ಟು ಸೌದೆ ನಿಮ್ಮಲ್ಲಿ ಧಾರಾಳವಾಗಿದೆ. ಅದೇ 30 ಯೂನಿಟ್ಟಿಗೆ ಡೀಸೆಲ್ ಹತ್ತು ಲೀಟರ್, ಲೀಟರಿಗೆ 90 ರೂಪಾಯಿ ಇಟ್ಟುಕೊಂಡರೆ 900 ರೂಪಾಯಿ. ಇನ್ನೊಂದು ಕಡೆ ಆ 40 ಕಿಲೋ ಸೌದೆಯನ್ನು ಬೆರಳುದ್ದ, ಎರಡು ಬೆರಳುದ್ದ ತುಂಡು ಮಾಡಬೇಕು. ಒಲೆಗೆ ಹಾಕುವ ಹಾಗೆ ಮೊಳದುದ್ದ ಹಾಕಿದರೆ ಡ್ರಮ್ಮಿನಲ್ಲಿ ಅಡ್ಡ ಸಿಕ್ಕಿಕೊಳ್ಳುತ್ತದೆ. ಬೂದಿ ತೆಗೆಯಬೇಕು, ಫಿಲ್ಟರ್ ತೊಳೆಯಬೇಕು, ಗಂಟೆಗೊಮ್ಮೆ ಸೌದೆ ತುಂಬಬೇಕು. ಅಂದರೆ ಒಬ್ಬರು ಪೂರ್ತಿ ಅಲ್ಲೇ. ಕುಯ್ಲಿನ ಹೊತ್ತಿನಲ್ಲಿ ಆಳು ಸಿಗುವುದೇ ಎಷ್ಟು ಕಷ್ಟ, ಕೂಲಿ ಎಷ್ಟು ಅಂತ ನಿಮಗೆ ನಾನು ಹೇಳಬೇಕಾ? ವರ್ಷಕ್ಕೆ ಮೂವತ್ತು ನಲವತ್ತು ದಿನ ಓಡುವ ಯಂತ್ರಕ್ಕೆ ಈ ಲೆಕ್ಕ ಗಿಟ್ಟುವುದಿಲ್ಲ.

ಇನ್ನು ನಿಮ್ಮ ಪ್ರಶ್ನೆಯ ಎರಡನೇ ಅರ್ಧ. ನನಗೆ ನಿಜವಾಗಿ ಮುಖ್ಯ ಅನ್ನಿಸಿದ್ದು ಇದೇ. ನವೆಂಬರ್ ಮಳೆಗೆ ಸಿಕ್ಕಿದ ಕಾಫಿ.

ಒಂದು ಕಿಲೋ ಒಣ ಸೌದೆಯಲ್ಲಿ ನಾಲ್ಕು ಯೂನಿಟ್ಟಿಗಿಂತ ಸ್ವಲ್ಪ ಜಾಸ್ತಿ ಶಾಖ ಇರುತ್ತದೆ. ಅದನ್ನು ಗ್ಯಾಸ್ ಮಾಡಿ, ಎಂಜಿನ್ನಿಗೆ ಕೊಟ್ಟು, ಕರೆಂಟ್ ಮಾಡಿದರೆ ಕೈಗೆ ಬರುವುದು ಮುಕ್ಕಾಲು ಯೂನಿಟ್. ಅದೇ ಸೌದೆಯನ್ನು ಒಳ್ಳೆಯ ಒಲೆಯಲ್ಲಿ ಉರಿಸಿ ಗಾಳಿ ಬಿಸಿ ಮಾಡಿದರೆ ಎರಡೂವರೆಯಿಂದ ಮೂರು ಯೂನಿಟ್ ಶಾಖ ಕೈಗೆ ಬರುತ್ತದೆ. ಅದೂ ತೇವ ಸ್ವಲ್ಪ ಹೆಚ್ಚು ಕಡಿಮೆ ಇದ್ದರೂ ಒಲೆ ಮುನಿಸಿಕೊಳ್ಳುವುದಿಲ್ಲ. ಯಾರು ಬೇಕಾದರೂ ಉರಿ ಹಾಕಬಹುದು.

ಎಂಜಿನ್ನಿನ ಬಿಸಿಯಲ್ಲೇ ಒಣಗಿಸಿದರೆ ಎರಡೂ ಲಾಭ ಅಲ್ವಾ ಅಂತ ಕೇಳಿದ್ದೀರಿ. ಲೆಕ್ಕ ಹೀಗೆ ಬರುತ್ತದೆ. ಒಂದು ಟನ್ ಅರೇಬಿಕಾ ಹಣ್ಣು ಪಲ್ಪ್ ಮಾಡಿ ತೊಳೆದರೆ ಸುಮಾರು 380 ಕಿಲೋ ಒಳಹೊಟ್ಟಿರುವ ಬೀಜ, ಅಂದರೆ ಹಸಿ ಪಾರ್ಚ್‌ಮೆಂಟ್. ಅದರ ತೇವ 53ರಿಂದ 11ಕ್ಕೆ ಇಳಿಯಬೇಕಾದರೆ 180 ಕಿಲೋ ನೀರು ಹೊರಗೆ ಹೋಗಬೇಕು. 6 ಕಿಲೋವ್ಯಾಟಿನಲ್ಲಿ ಹತ್ತು ಗಂಟೆ ಓಡುವ ಎಂಜಿನ್ನಿನ ನೀರು, ಹೊಗೆ ಎರಡರಿಂದಲೂ ಹಿಡಿಯಬಹುದಾದ ಶಾಖ 100 ಯೂನಿಟ್ ಇರಬಹುದು. ಡ್ರೈಯರಿನ ನಷ್ಟ ಕಳೆದು ಅದರಲ್ಲಿ ಹಾರಿಹೋಗುವ ನೀರು 65-70 ಕಿಲೋ. ಅಂದರೆ ಆ ಒಂದು ಟನ್ ಹಣ್ಣಿನ ಕಾಫಿಯ ಸುಮಾರು ಮೂರನೇ ಒಂದು ಪಾಲು. ಅದಕ್ಕೆ 80 ಕಿಲೋ ಸೌದೆ ಉರಿದಿರುತ್ತದೆ, 60 ಯೂನಿಟ್ ಕರೆಂಟಿಗೆ ಗಿರಾಕಿ ಹುಡುಕಬೇಕು. ಬರೀ ಬಿಸಿಗಾಳಿ ಒಲೆ ಇಟ್ಟರೆ 100 ಕಿಲೋ ಒಣ ಸೌದೆಯಲ್ಲಿ ಅಷ್ಟೂ ಕಾಫಿ ಒಣಗುತ್ತದೆ. ಹಸಿ ಸೌದೆ ಹಾಕಿದರೆ ಇದೇ ಕೆಲಸಕ್ಕೆ 200 ಕಿಲೋ, ಜೊತೆಗೆ ಹೊಗೆ. ಒಂದೆರಡು ದಿನ ಕಣದಲ್ಲಿ ಬಿಸಿಲು ಸಿಕ್ಕಿದರೆ ಸೌದೆ ಇನ್ನೂ ಕಡಿಮೆ ಸಾಕು.

ಡ್ರೈಯರ್ ದೊಡ್ಡ ಯಂತ್ರ ಆಗಬೇಕಿಲ್ಲ. ತೂತಿನ ತಗಡಿನ ಹಾಸು ಇರುವ ಒಂದು ತೊಟ್ಟಿ, ಕೆಳಗಿನಿಂದ ಬಿಸಿಗಾಳಿ ಊದುವ ಫ್ಯಾನ್, ಪಕ್ಕದಲ್ಲಿ ಒಲೆ. ಕಾಫಿ ಒಂದು ಗೇಣು ದಪ್ಪಕ್ಕಿಂತ ಜಾಸ್ತಿ ಹರಡಬೇಡಿ, ಎರಡು ಗಂಟೆಗೊಮ್ಮೆ ಕೆದಕಿ. ಪಾರ್ಚ್‌ಮೆಂಟಿಗೆ ಗಾಳಿಯ ಬಿಸಿ 40 ಡಿಗ್ರಿ, ಸಿಪ್ಪೆ ಸಮೇತ ಒಣಗಿಸುವ ಚೆರಿಗೆ 45. ಬೇಗ ಮುಗಿಸೋಣ ಅಂತ 60ಕ್ಕೆ ಏರಿಸಿದರೆ ಪಾರ್ಚ್‌ಮೆಂಟ್ ಸೀಳುತ್ತದೆ, ಬೀಜದ ಹೊರಗೆ ಗಟ್ಟಿ, ಒಳಗೆ ಹಸಿ. ಫ್ಯಾನಿಗೆ ಎರಡು ಮೂರು ಎಚ್‌ಪಿ ಮೋಟಾರ್ ಸಾಕು, ಕರೆಂಟ್ ಇಲ್ಲದಿದ್ದರೆ ನಿಮ್ಮ ಈಗಿನ ಜನರೇಟರ್ ಎಳೆಯುತ್ತದೆ. ಆ ಡೀಸೆಲ್ ದಂಡ ಅನ್ನಿಸುವುದಿಲ್ಲ, ಅದರ ಹತ್ತು ಪಾಲು ಬೆಲೆಯ ಕಾಫಿ ಉಳಿಯುತ್ತದೆ. ಮಾರ್ಚ್‌ನಲ್ಲಿ ಮೋಡ ಕವಿದರೆ ಮೆಣಸಿಗೂ ಇದೇ ಡ್ರೈಯರ್ ಆಗುತ್ತದೆ. ಏಲಕ್ಕಿ ಇರುವ ನೆರೆಯವರಿಗೂ ಕೊಡಬಹುದು, ಅದಕ್ಕೆ 45ರಿಂದ 50 ಡಿಗ್ರಿಯಲ್ಲಿ ಒಂದು ರಾತ್ರಿ ಒಂದು ಹಗಲು ಬೇಕು.

ಒಂದು ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ಒಲೆಯ ಹೊಗೆ ಕಾಫಿಗೆ ತಾಗಬಾರದು. ಹೊಗೆ ಕಬ್ಬಿಣದ ಕೊಳವೆಯೊಳಗೆ ಹೋಗಬೇಕು, ಗಾಳಿ ಆ ಕೊಳವೆಯ ಹೊರಮೈ ಸವರಿ ಬಿಸಿಯಾಗಿ ಬರಬೇಕು. ಕಾಫಿ ಹೊಗೆಯ ವಾಸನೆಯನ್ನು ಬಟ್ಟೆಯಂತೆ ಹಿಡಿದುಕೊಳ್ಳುತ್ತದೆ. ಹುರಿದರೂ ಹೋಗುವುದಿಲ್ಲ. ಕೊಳವೆ ಎರಡು ಮೂರು ವರ್ಷದಲ್ಲಿ ತುಕ್ಕು ಹಿಡಿದು ಸೂಜಿ ಮೊನೆಯಷ್ಟು ತೂತು ಬಿದ್ದರೂ ಒಂದು ಇಡೀ ಲಾಟು ಹಾಳು. ಅದನ್ನು ಹುಡುಕುವ ದಾರಿ ಸುಲಭ. ಕುಯ್ಲಿಗೆ ಮೊದಲು, ಒಲೆ ತಣ್ಣಗಿರುವಾಗ, ರಾತ್ರಿ ಹೊತ್ತು ಕೊಳವೆಯೊಳಗೆ ಒಂದು ಪ್ರಖರ ಟಾರ್ಚ್ ಇಡಿ. ಶೆಡ್ಡಿನ ದೀಪ ಆರಿಸಿ. ಗಾಳಿ ಬರುವ ಕಡೆಯಿಂದ ಬಗ್ಗಿ ನೋಡಿ. ತೂತಿದ್ದರೆ ಕತ್ತಲಲ್ಲಿ ನಕ್ಷತ್ರದ ಹಾಗೆ ಮಿನುಗುತ್ತದೆ. ಒಂದು ತೋಟದ ರೈಟರ್ (ಲೆಕ್ಕ ಬರೆಯುವವರು) ಹೀಗೆ ಒಂದೇ ರಾತ್ರಿ ಏಳು ತೂತು ಹುಡುಕಿ, ಸೀಮೆಸುಣ್ಣದಲ್ಲಿ ಸುತ್ತು ಹಾಕಿಟ್ಟಿದ್ದರು. ಬೆಳಿಗ್ಗೆ ವೆಲ್ಡಿಂಗ್‌ನವರು ಬಂದಾಗ ಹತ್ತೇ ನಿಮಿಷದ ಮಾತು.

ಚೆರಿ ಸಿಪ್ಪೆಯ ಬಗ್ಗೆ ಕೇಳಿದರೆ, ಅದು ಒಳ್ಳೆಯ ಉರುವಲು, ಆದರೆ ಗ್ಯಾಸಿಫೈಯರಿಗೆ ನೇರವಾಗಿ ಹಾಕುವಂಥದ್ದಲ್ಲ. ಹಗುರ, ಡ್ರಮ್ಮಿನಲ್ಲಿ ಗೂಡು ಕಟ್ಟಿ ನಿಲ್ಲುತ್ತದೆ, ಕೆಳಗಿಳಿಯುವುದಿಲ್ಲ. ಅದರ ಬೂದಿಯಲ್ಲಿ ಪೊಟ್ಯಾಷ್ ಜಾಸ್ತಿ. ಹಾಗಾಗಿ ಬೂದಿ ಬೇಗ ಕರಗಿ ಗಾಜಿನ ಗಂಟಿನ ಹಾಗೆ ಜಾಲರಿಗೆ ಹಿಡಿಯುತ್ತದೆ. ಒತ್ತಿ ಇಟ್ಟಿಗೆ ಮಾಡಿದರೆ ಉರಿಯುತ್ತದೆ, ಅದಕ್ಕೆ ದೊಡ್ಡ ಪ್ರೆಸ್ ಬೇಕು. ಇನ್ನೊಂದು ಮಾತು, ನೀವು ರೊಬಸ್ಟಾವನ್ನು ಚೆರಿಯಾಗಿಯೇ ಮೂಟೆ ಲೆಕ್ಕದಲ್ಲಿ ಕೊಟ್ಟರೆ ಸಿಪ್ಪೆ ನಿಮ್ಮಲ್ಲಿ ಉಳಿಯುವುದೇ ಇಲ್ಲ. 50 ಕಿಲೋ ಮೂಟೆಯಲ್ಲಿ ಹೆಚ್ಚು ಕಡಿಮೆ ಅರ್ಧ ಸಿಪ್ಪೆಯೇ, ಅದು ಮೂಟೆಯ ಜೊತೆ ಕಾಫಿ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಹೋಗುತ್ತದೆ. ಈ ಯಂತ್ರ ಹಾಕಿಸಬೇಕಾದವರು ಯಾರು ಅಂದರೆ ಅವರೇ. ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ಇರುವಂಥ ಕಾಫಿ ಕ್ಯೂರಿಂಗ್ ಘಟಕಗಳಲ್ಲಿ ಸಿಪ್ಪೆ ರಾಶಿ ಇದೆ, ಹಗಲಿಡೀ ಓಡುವ ಮೋಟಾರುಗಳಿವೆ, ಒಣಗಿಸುವ ಕೆಲಸ ಇದೆ, ಮೆಕ್ಯಾನಿಕ್ ಇದ್ದಾರೆ, ಮಳೆ ಕೂಡ ಮಡಿಕೇರಿಗಿಂತ ಎಷ್ಟೋ ಕಡಿಮೆ. ಅಲ್ಲಿ ಸಿಪ್ಪೆಯಿಂದ ಶಾಖ, ಕರೆಂಟ್ ಎರಡೂ ತೆಗೆಯುವುದಕ್ಕೆ ಅರ್ಥ ಇದೆ. ನಿಮ್ಮಲ್ಲಿ ಉಳಿದ ಸ್ವಲ್ಪ ಸಿಪ್ಪೆ ಗೊಬ್ಬರಕ್ಕೆ ಹಾಕಿ, ತೋಟದ ಪೊಟ್ಯಾಷ್ ತೋಟಕ್ಕೇ ವಾಪಸ್ ಹೋಗಲಿ.

ಈಗ ಸೌದೆ ಶೆಡ್. ಇದಕ್ಕೆ ಖರ್ಚು ಕಡಿಮೆ, ಲಾಭ ಎಲ್ಲದಕ್ಕಿಂತ ಜಾಸ್ತಿ. ಗಾಳಿ ಆಡುವ ದಿಬ್ಬದ ಮೇಲೆ ಕಟ್ಟಿ, ಮರದ ನೆರಳಿನಲ್ಲಿ ಬೇಡ. ನೆಲದಿಂದ ಒಂದು ಅಡಿ ಎತ್ತರದ ಅಟ್ಟಣೆ. ಮೇಲೆ ಶೀಟ್, ಅಂಚು ಮೂರಡಿ ಹೊರಗೆ ಚಾಚಿರಲಿ, ಇಲ್ಲದಿದ್ದರೆ ನಮ್ಮ ಕಡೆಯ ಅಡ್ಡಮಳೆ ಒಳಗೇ ಬರುತ್ತದೆ. ಮಳೆ ಬೀಸುವ ಪಡುವಣ ಕಡೆ ಮಾತ್ರ ಮರೆ, ಉಳಿದ ಕಡೆ ರೀಪು ಹೊಡೆದ ಸಂದಿನ ಗೋಡೆ. ಮರ ಬಿದ್ದ ವಾರದಲ್ಲೇ ಸೀಳಿಸಿ. ದುಂಡಗಿನ ಸೌದೆ ತೊಗಟೆಯೊಳಗೆ ನೀರು ಹಿಡಿದುಕೊಂಡು ಕೂರುತ್ತದೆ, ಸೀಳಿದ್ದು ಬೇಗ ಬಿಡುತ್ತದೆ. ಕಪಾತಿನ ಕೆಲಸದಲ್ಲಿ ಸ್ವಲ್ಪವನ್ನಾದರೂ ಕುಯ್ಲು ಮುಗಿದ ಕೂಡಲೇ ಮಾರ್ಚ್‌ಗೆ ತರಲು ಆಗುತ್ತದಾ ನೋಡಿ, ಎರಡು ತಿಂಗಳ ಬಿಸಿಲು ಸಿಕ್ಕಿದರೆ ಅರ್ಧ ಕೆಲಸ ಆಯಿತು. ಈ ವರ್ಷ ಮೇ ತಿಂಗಳ ಸೌದೆಯನ್ನು ಈ ವರ್ಷದ ನವೆಂಬರಿಗೆ ಲೆಕ್ಕ ಹಿಡಿಯಬೇಡಿ, ಮುಂದಿನ ವರ್ಷಕ್ಕೆ ಹಿಡಿಯಿರಿ.

ತೇವ ಅಳೆಯಲು ಮೀಟರ್ ಬೇಕಿಲ್ಲ. ಸೀಳಿದ ಒಂದು ತುಂಡನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಒಲೆಯ ಮೇಲಿನ ಅಟ್ಟದಲ್ಲಿ ಇಡಿ. ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತಾಗ ಒಂದು ಕಿಲೋ ಇದ್ದದ್ದು 600 ಗ್ರಾಂಗೆ ಬಂದಿದ್ದರೆ, ಮೊದಲು ಅದರಲ್ಲಿ ಕಡಿಮೆಯೆಂದರೂ ಶೇ 40 ನೀರಿತ್ತು. ಅನುಭವ ಆದಮೇಲೆ ಸದ್ದಿನಲ್ಲೇ ಗೊತ್ತಾಗುತ್ತದೆ. ಎರಡು ಒಣ ತುಂಡು ತಾಗಿಸಿದರೆ ಟಣ್ ಅನ್ನುತ್ತದೆ, ಹಸಿಯದು ದಬ್ ಅನ್ನುತ್ತದೆ. ಸಿಲ್ವರ್ ಓಕ್ ಒಣಗಿದರೆ ಒಳ್ಳೆಯ ಉರಿ. ಹಾಲುವಾಣ ಮೆತ್ತನೆಯ ಮರ, ನೀರಿನ ಚೀಲ, ಬೇಗ ಉರಿದು ಮುಗಿಯುತ್ತದೆ. ಕಿತ್ತ ಹಳೆ ಕಾಫಿ ಗಿಡದ ಬುಡ ಎಲ್ಲಕ್ಕಿಂತ ಗಟ್ಟಿ ಕೆಂಡ ಕೊಡುತ್ತದೆ. 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್ ಕಡಿಯಲು ವಿನಾಯಿತಿ ಇದೆ. ಕಾಡುಜಾತಿ ಮರಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ಗದ್ದೆಗೆ ಸೇರಿಸಿ ಕೊಟ್ಟ ಬಾಣೆ ಜಾಗದಲ್ಲಂತೂ ಮರದ ಹಕ್ಕಿನ ಪ್ರಶ್ನೆ ಬೇರೆ. ನಿಮ್ಮ ಉರುವಲಿನ ಲೆಕ್ಕದಲ್ಲಿ ಅವನ್ನು ಸೇರಿಸಲೇಬೇಡಿ. ಆ ನೆರಳು ಹೋದರೆ ಕಾಫಿಯೂ ಹೋಗುತ್ತದೆ.

ಮಳೆಗಾಲದ ಕರೆಂಟಿಗೆ ಬರುತ್ತೇನೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ನಿಮ್ಮ ಕಡೆ ಎಷ್ಟು ದಿನ ಕತ್ತಲೆ ಇತ್ತು ಅಂತ ನೀವು ಕಂಡಿದ್ದೀರಿ. ಹಾಗಾಗಿ ನಿಮ್ಮ ಚಿಂತೆ ನನಗೆ ಅರ್ಥ ಆಗುತ್ತದೆ. ಆದರೆ ಸೌದೆ ಒದ್ದೆ ಇರುವ ಅದೇ ತಿಂಗಳಲ್ಲಿ ತೋಡು, ಅಂದರೆ ಹಳ್ಳ, ತುಂಬಿ ಹರಿಯುತ್ತದೆ ಅಲ್ವಾ? ಸೆಕೆಂಡಿಗೆ 10 ಲೀಟರ್ ನೀರು 20 ಮೀಟರ್ ಇಳಿಜಾರಿನಿಂದ ಪೈಪಿನಲ್ಲಿ ಬಂದರೆ, ನಷ್ಟವೆಲ್ಲ ಕಳೆದು ಒಂದು ಕಿಲೋವ್ಯಾಟ್ ಸಿಗುತ್ತದೆ. ಹಗಲು ರಾತ್ರಿ, ಆಳಿಲ್ಲದೆ, ಉರುವಲಿಲ್ಲದೆ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇಂಥ ಸಣ್ಣ ಟರ್ಬೈನ್ ತಿರುಗುತ್ತಿದೆ. ನಿಮ್ಮ ಸರಾಸರಿ ಬೇಕು ಕೂಡ ಅಷ್ಟೇ. ಮಳೆ ನಿಂತ ಮೇಲೆ ಸೋಲಾರ್ ಮತ್ತು ಇನ್ವರ್ಟರ್. ಪಲ್ಪರಿಗೆ, ಡ್ರೈಯರ್ ಫ್ಯಾನಿಗೆ ಜನರೇಟರ್ ಇದ್ದೇ ಇದೆ. ತೋಡು ಎತ್ತರದಲ್ಲಿ ಇಲ್ಲದಿದ್ದರೆ ಈ ದಾರಿ ಇಲ್ಲ, ಆಗ ಇನ್ವರ್ಟರಿನ ಬ್ಯಾಟರಿ ದೊಡ್ಡದು ಹಾಕಿಸಿ, ಜನರೇಟರನ್ನು ದಿನಕ್ಕೆ ಎರಡು ಗಂಟೆ ಪೂರ್ತಿ ಲೋಡಿನಲ್ಲಿ ಓಡಿಸಿ ಚಾರ್ಜ್ ಮಾಡಿಕೊಳ್ಳಿ. ನಾಲ್ಕು ಬಲ್ಬಿಗೆ ಹತ್ತು ಗಂಟೆ ಓಡಿಸಿದರೆ ಡೀಸೆಲ್ ಸುಮ್ನೆ ದಂಡ.

ನಾಲ್ಕು ಹಸು ಇವೆ ಅಂದಿರಿ. ದಿನಕ್ಕೆ 45-50 ಕಿಲೋ ಸಗಣಿ, ಅದರಲ್ಲಿ ಎರಡು ಘನ ಮೀಟರಿನ ಗೋಬರ್ ಗ್ಯಾಸ್ ಚೆನ್ನಾಗಿ ನಡೆಯುತ್ತದೆ. ಹದಿನೈದು ಹದಿನಾರು ದಿನದ ಆ ಗ್ಯಾಸ್ ಅಡುಗೆಯ ಒಂದು ಸಿಲಿಂಡರಿಗೆ ಸಮ. ಮಡಿಕೇರಿ ಚಳಿಗೆ ಜುಲೈನಲ್ಲಿ ಸ್ವಲ್ಪ ಇಳಿಯುತ್ತದೆ, ಬೆಚ್ಚಗಿನ ನೀರಿನಲ್ಲಿ ಸಗಣಿ ಕಲಸಿದರೆ ಸುಧಾರಿಸುತ್ತದೆ. ಪಲ್ಪರ್ ಸಿಪ್ಪೆಯನ್ನು ಸ್ವಲ್ಪ ಸ್ವಲ್ಪ ಸೇರಿಸಬಹುದು, ಒಂದೇ ಸಲ ಸುರಿದರೆ ತೊಟ್ಟಿ ಹುಳಿಯಾಗಿ ಗ್ಯಾಸೇ ನಿಲ್ಲುತ್ತದೆ. ಇದನ್ನು ಅಡುಗೆಗೆ ಇಟ್ಟುಕೊಳ್ಳಿ, ಕರೆಂಟಿಗೆ ಬೇಡ. ಬಚ್ಚಲ ಹಂಡೆಗೆ ಸೌದೆಯೇ ಇರಲಿ, ಆದರೆ ಒಲೆಗೆ ಜಾಲರಿ ಮತ್ತು ಚಿಮಣಿ ಹಾಕಿಸಿ. ಮಳೆಗಾಲದಲ್ಲಿ ಕೊಡಗಿನ ಮನೆಗಳಲ್ಲಿ ಅತಿ ಜಾಸ್ತಿ ಸೌದೆ ತಿನ್ನುವುದು ಆ ಹಂಡೆಯೇ.

ಇಷ್ಟೆಲ್ಲ ಆದಮೇಲೂ, ಮೂರು ನಾಲ್ಕು ತೋಟದವರು ಸೇರಿ ಒಂದೇ ಕಡೆ ಡ್ರೈಯರ್, ಪಲ್ಪರ್ ನಡೆಸುವ ಹಾಗಿದ್ದರೆ ಗ್ಯಾಸಿಫೈಯರಿನ ಮಾತು ಮತ್ತೆ ಎತ್ತಬಹುದು. ಆಗ ಲೋಡು ಸಿಗುತ್ತದೆ, ಬಿಸಿಗೂ ಕೆಲಸ ಸಿಗುತ್ತದೆ, ನೋಡಿಕೊಳ್ಳಲು ಒಬ್ಬರನ್ನು ಇಡಬಹುದು. ಯಂತ್ರ ನೋಡಲು ಹೋದಾಗ ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಗ್ಯಾಸನ್ನು ಹೊರಗೆ ಉರಿಸಿ ತೋರಿಸಿ ಅನ್ನಿ. ಜ್ವಾಲೆ ನೀಲಿ ಬೆರೆತು, ಹೊಗೆ ಇಲ್ಲದೆ ನಿಂತರೆ ಸರಿ. ಹಳದಿಯಾಗಿ ಮಸಿ ಉಗುಳಿದರೆ ವಾಪಸ್ ಬನ್ನಿ. ಗ್ಯಾಸ್ ಹೋಗುವ ದಾರಿಯಲ್ಲಿ ಬಿಳಿ ಬಟ್ಟೆ ಕಟ್ಟಿಸಿ ಕಾಲು ಗಂಟೆ ಬಿಟ್ಟು ನೋಡಿ, ಕಂದು ಕಲೆ ಬಿದ್ದರೆ ಅದು ನಿಮ್ಮ ವಾಲ್ವಿಗೆ ಹೋಗಲಿರುವ ಟಾರು.

ಎರಡು ವಿಷಯದಲ್ಲಿ ಪ್ರಾಣದ ಪ್ರಶ್ನೆ ಇದೆ. ಈ ಗ್ಯಾಸಿನಲ್ಲಿ ಐದನೇ ಒಂದು ಪಾಲು ಕಾರ್ಬನ್ ಮೊನಾಕ್ಸೈಡು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ಭಾರ, ವಾಕರಿಕೆ, ಆಮೇಲೆ ಎಚ್ಚರವೇ ಇಲ್ಲ. ಮಳೆ ಅಂತ ಯಂತ್ರವನ್ನು ಗೋಡೌನ್ ಒಳಗೆ, ಮನೆಗೆ ತಾಗಿದ ಮಾಡಿನ ಕೆಳಗೆ ಇಡಬೇಡಿ. ನಾಲ್ಕೂ ಕಡೆ ತೆರೆದ ಶೆಡ್ಡೇ ಆಗಬೇಕು. ಇನ್ನೊಂದು, ಗ್ಯಾಸ್ ತೊಳೆದ ನೀರು. ಅದರಲ್ಲಿ ಟಾರು, ಫಿನಾಲು ಇರುತ್ತದೆ. ಅದನ್ನು ತೋಡಿಗೆ ಬಿಟ್ಟರೆ ಕೆಳಗಿನ ಮನೆಯವರ ಕುಡಿಯುವ ನೀರು ಹಾಳು. ನಿಮ್ಮ ಕಡೆಯ ತೋಡು ಹೊಳೆಗೆ, ಹೊಳೆ ಕಾವೇರಿಗೆ. ಆ ನೀರನ್ನು ತಿರುಗಿಸಿ ಬಳಸುವ, ಶುದ್ಧ ಮಾಡುವ ವ್ಯವಸ್ಥೆ ತೋರಿಸದ ಯಂತ್ರವನ್ನು ಎಷ್ಟು ಸಬ್ಸಿಡಿ ಕೊಟ್ಟರೂ ತರಬೇಡಿ. ಡ್ರೈಯರ್ ಒಲೆಯಲ್ಲಿ ಈ ಎರಡನೇ ತೊಂದರೆ ಇಲ್ಲ. ಅದರ ಬೂದಿಯನ್ನು ನೇರ ತೋಟಕ್ಕೆ ಹಾಕಬಹುದು, ನಮ್ಮ ಹುಳಿ ಮಣ್ಣಿಗೆ ಒಳ್ಳೆಯದು. ಯೂರಿಯಾ ಜೊತೆ ಬೆರೆಸಿ ಮಾತ್ರ ಹಾಕಬೇಡಿ, ಗೊಬ್ಬರದ ಸಾರ ಗಾಳಿಗೆ ಹೋಗುತ್ತದೆ.

ಡ್ರೈಯರಿನ ಅಳತೆ, ಕಾಫಿಯ ಹದ ಇವುಗಳ ಬಗ್ಗೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ಕೇಳಿ. ಯಾವ ಮರದ ಸೌದೆ ಹೇಗೆ ಅನ್ನುವುದಕ್ಕೆ ಪೊನ್ನಂಪೇಟೆಯ ಅರಣ್ಯ ಕಾಲೇಜು ಇದೆ.

ನನಗೆ ಮೂರು ಅಳತೆ ಬರೆದು ಕಳಿಸಿ. ಕುಯ್ಲಿನ ಜೋರಿನಲ್ಲಿ ದಿನಕ್ಕೆ ಎಷ್ಟು ಕಿಲೋ ಹಣ್ಣು ಪಲ್ಪ್ ಮಾಡುತ್ತೀರಿ. ಸೌದೆ ತುಂಡಿನ ಮೊದಲ ತೂಕ ಮತ್ತು ಒಂದು ತಿಂಗಳ ಆಮೇಲಿನ ತೂಕ. ಮತ್ತೆ ಜುಲೈನಲ್ಲಿ ತೋಡಿನ ನೀರಿಗೆ ಒಂದು ಪೈಪ್ ಕೊಟ್ಟು 20 ಲೀಟರ್ ಬಕೆಟ್ ಎಷ್ಟು ಸೆಕೆಂಡಿನಲ್ಲಿ ತುಂಬುತ್ತದೆ ಅಂತ ನೋಡಿ. ಎರಡು ಸೆಕೆಂಡಿನಲ್ಲಿ ತುಂಬಿದರೆ ನಾನು ಮೇಲೆ ಹೇಳಿದ ಹತ್ತು ಲೀಟರ್ ನಿಮ್ಮಲ್ಲಿದೆ. ತೋಡಿನಿಂದ ಮನೆಗೆ ಎಷ್ಟು ಇಳಿಜಾರು ಅನ್ನುವುದನ್ನೂ ಜೊತೆಗೆ ಬರೆಯಿರಿ. ಡ್ರೈಯರಿನ ತೊಟ್ಟಿ ಎಷ್ಟು ಉದ್ದಗಲ ಬೇಕು, ಒಲೆ ಎಷ್ಟು ದೊಡ್ಡದು ಬೇಕು ಅಂತ ಲೆಕ್ಕ ಹಾಕಿ ಕೊಡುತ್ತೇನೆ.